ಸೈಕೆಡೆಲಿಕ್ ಚಿಕಿತ್ಸೆ ಮತ್ತು ನಮ್ಮ ಹಿರಿಯರ ಮನಸ್ಸು: ಕೋಲಾರದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

"ಅಮೆರಿಕದಲ್ಲಿ ಅಣಬೆ ಕೊಟ್ಟು ಖಿನ್ನತೆ ವಾಸಿ ಮಾಡ್ತಾರಂತೆ, ನಮ್ಮಪ್ಪನಿಗೂ ಕೊಡಿಸಬಹುದಾ?" ಈ ಪ್ರಶ್ನೆ ಈಗ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಕಡೆಯಿಂದಲೂ ಬರುತ್ತಿದೆ. ಕೇಳುವವರು ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿರುತ್ತಾರೆ. ಊರಲ್ಲಿರುವ ಅಪ್ಪನೋ ಅಮ್ಮನೋ ಮಾತು ಬಿಟ್ಟು, ಊಟ ಬಿಟ್ಟು ಕೂತಿರುತ್ತಾರೆ. ನಾನು ವೈದ್ಯೆ ಅಲ್ಲ. ಹಿರಿಯರನ್ನು ನೋಡಿಕೊಳ್ಳುವ ಮನೆಯವರ ಜೊತೆ ಮಾತಾಡುವುದು ನನ್ನ ಕೆಲಸ. ಅವರು ಕೇಳಿದ್ದಕ್ಕೆ ನನಗೆ ಖಾತ್ರಿಯಾಗಿ ತಿಳಿದಿರುವ ಉತ್ತರಗಳು ಇಲ್ಲಿವೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ಚಿಕಿತ್ಸೆ ಬರಲಿ ಅಂತ ಕಾಯಬೇಡಿ. ಇವತ್ತು ನಮ್ಮ ಜಿಲ್ಲೆಯಲ್ಲೇ ಸಿಗುವ ಚಿಕಿತ್ಸೆಯಿಂದ ತುಂಬಾ ಜನ ಹಿರಿಯರು ಚೇತರಿಸಿಕೊಳ್ಳುತ್ತಾರೆ.

ಸೈಕೆಡೆಲಿಕ್ ಚಿಕಿತ್ಸೆ ಅಂದರೆ ಏನು?

ಮನಸ್ಸಿನ ಅನುಭವವನ್ನು ಕೆಲವು ಗಂಟೆಗಳ ಕಾಲ ಗಾಢವಾಗಿ ಬದಲಿಸುವ ಔಷಧ, ಅದರ ಜೊತೆಗೆ ಮಾತಿನ ಚಿಕಿತ್ಸೆ. ಎರಡೂ ಸೇರಿದರೆ ಮಾತ್ರ ಇದು ಚಿಕಿತ್ಸೆ. ಜಾಸ್ತಿ ಸಂಶೋಧನೆ ನಡೆದಿರುವುದು ಸಿಲೋಸೈಬಿನ್ ಮೇಲೆ. ಇದು ಕೆಲವು ಜಾತಿಯ ಅಣಬೆಗಳಲ್ಲಿ ಇರುವ ರಾಸಾಯನಿಕ. ಎಲ್‌ಎಸ್‌ಡಿ, ಎಂಡಿಎಂಎ ಎಂಬ, ಮನಸ್ಸು ಬದಲಿಸುವ ಬೇರೆ ಔಷಧಗಳ ಮೇಲೂ ಅಧ್ಯಯನ ನಡೆದಿದೆ. ಸಂಶೋಧನೆಯಲ್ಲಿ ಕೊಡುವುದು ಕಾಡಿನಿಂದ ತಂದ ಅಣಬೆಯನ್ನಲ್ಲ. ಪ್ರಯೋಗಾಲಯದಲ್ಲಿ ತಯಾರಿಸಿ ಅಳತೆ ಮಾಡಿದ ಕ್ಯಾಪ್ಸೂಲ್ ಕೊಡುತ್ತಾರೆ. ಸಾಮಾನ್ಯವಾಗಿ 25 ಮಿಲಿಗ್ರಾಂ.

ನಡೆಯುವ ರೀತಿ ಹೀಗಿದೆ. ಮೊದಲು ಕೆಲವು ಸಲ ಕೂತು ಮಾತಾಡಿ ರೋಗಿಯನ್ನು ಸಿದ್ಧ ಮಾಡುತ್ತಾರೆ. ಔಷಧ ಕೊಡುವ ದಿನ ಶಾಂತವಾದ ಕೋಣೆಯಲ್ಲಿ ಮಲಗಿಸಿ, ಕಣ್ಣಿಗೆ ಪಟ್ಟಿ ಕಟ್ಟಿ, ಸಂಗೀತ ಹಾಕುತ್ತಾರೆ. ತರಬೇತಾದ ಇಬ್ಬರು ದಿನವಿಡೀ ಪಕ್ಕದಲ್ಲೇ ಇರುತ್ತಾರೆ. ಸಿಲೋಸೈಬಿನ್‌ನ ಪರಿಣಾಮ 4ರಿಂದ 6 ಗಂಟೆ ಇರುತ್ತದೆ. ಎಲ್‌ಎಸ್‌ಡಿ ಆದರೆ 8ರಿಂದ 12 ಗಂಟೆ. ಆಮೇಲಿನ ದಿನಗಳಲ್ಲಿ ಮತ್ತೆ ಕೂತು, ಆ ಅನುಭವದಲ್ಲಿ ಕಂಡದ್ದನ್ನು, ಅತ್ತದ್ದನ್ನು, ಹೆದರಿದ್ದನ್ನು ಬಿಡಿಸಿ ಮಾತಾಡುತ್ತಾರೆ. ವಿಡಿಯೋಗಳಲ್ಲಿ ಈ ಕೊನೆಯ ಭಾಗವನ್ನು ತೋರಿಸುವುದೇ ಇಲ್ಲ. ನನ್ನ ಪ್ರಕಾರ ಅರ್ಧ ಚಿಕಿತ್ಸೆ ಇರುವುದೇ ಅಲ್ಲಿ.

ಇದು ಹೊಸದಾ?

ಇಲ್ಲ. ಮೆಕ್ಸಿಕೋದ ಮಸಾಟೆಕ್ ಜನ ಇಂಥ ಅಣಬೆಯನ್ನು ಪೂಜೆಯಲ್ಲಿ, ರೋಗ ವಾಸಿ ಮಾಡುವ ಆಚರಣೆಯಲ್ಲಿ ಬಹಳ ಹಿಂದಿನಿಂದ ಬಳಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿ ತಯಾರಿಸಿದರು. 1943ರಲ್ಲಿ ಅದರ ಪರಿಣಾಮ ಅವರಿಗೆ ಗೊತ್ತಾಯಿತು. ಮುಂದೆ 1958ರಲ್ಲಿ ಅಣಬೆಯಿಂದ ಸಿಲೋಸೈಬಿನ್ ಬೇರ್ಪಡಿಸಿದವರೂ ಅವರೇ. 1960ರ ದಶಕದಲ್ಲಿ ಷಿಕಾಗೋದ ಎರಿಕ್ ಕಾಸ್ಟ್ ಎಂಬ ವೈದ್ಯರು ಸಾವಿನ ಹತ್ತಿರ ಇದ್ದ ಕ್ಯಾನ್ಸರ್ ರೋಗಿಗಳಿಗೆ ಎಲ್‌ಎಸ್‌ಡಿ ಕೊಟ್ಟು ನೋಡಿದ್ದರು. ಬೀದಿಯಲ್ಲಿ ದುರ್ಬಳಕೆ ಜಾಸ್ತಿಯಾಯಿತು. 1971ರ ವಿಶ್ವಸಂಸ್ಥೆಯ ಒಪ್ಪಂದ ಇವನ್ನು ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. ಅಲ್ಲಿಂದ ಕೆಲವು ದಶಕ ಸಂಶೋಧನೆ ಹೆಚ್ಚುಕಮ್ಮಿ ನಿಂತೇ ಹೋಯಿತು.

ನಿಜವಾಗಿ ಉಪಯೋಗ ಆಗಿದೆಯಾ?

ಕೆಲವರಿಗೆ ಆಗಿದೆ. 2016ರಲ್ಲಿ ಎರಡು ಅಧ್ಯಯನಗಳು ಒಟ್ಟಿಗೇ ಹೊರಬಂದವು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರೋಲಂಡ್ ಗ್ರಿಫಿತ್ಸ್ ತಂಡ 51 ಕ್ಯಾನ್ಸರ್ ರೋಗಿಗಳಿಗೆ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡ 29 ರೋಗಿಗಳಿಗೆ ಸಿಲೋಸೈಬಿನ್ ಕೊಟ್ಟಿತ್ತು. ಕಾಯಿಲೆ ಹೋಗಲಿಲ್ಲ. ಆದರೆ ಸಾವಿನ ಭಯ, ಕುಗ್ಗಿದ ಮನಸ್ಸು ಹಗುರವಾಯಿತು. ಹಾಪ್‌ಕಿನ್ಸ್‌ನಲ್ಲಿ ಆರು ತಿಂಗಳ ನಂತರವೂ ಸುಮಾರು 80% ಜನರಲ್ಲಿ ಆ ಸುಧಾರಣೆ ಉಳಿದಿತ್ತು. ವಯಸ್ಸಾದವರ ಮನಸ್ಸಿನ ಬಗ್ಗೆ ಯೋಚಿಸುವ ನನ್ನಂಥವರಿಗೆ ಇದು ಸಣ್ಣ ಸಂಗತಿಯಲ್ಲ. ಸಾವಿನ ಭಯಕ್ಕೆ ನಮ್ಮ ಹತ್ತಿರ ಒಳ್ಳೆಯ ಮಾತ್ರೆ ಇಲ್ಲ. ಗ್ರಿಫಿತ್ಸ್ ಅವರೇ ಮುಂದೆ ಕ್ಯಾನ್ಸರ್‌ನಿಂದ 2023ರಲ್ಲಿ ತೀರಿಕೊಂಡರು.

2022ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು. ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆ ಇದ್ದ 233 ಜನ ಅದರಲ್ಲಿದ್ದರು. 25 ಮಿಲಿಗ್ರಾಂ ಒಂದೇ ಸಲ ತೆಗೆದುಕೊಂಡವರು, ಹೆಸರಿಗೆ 1 ಮಿಲಿಗ್ರಾಂ ತೆಗೆದುಕೊಂಡವರಿಗಿಂತ ಮೂರು ವಾರದಲ್ಲಿ ಚೆನ್ನಾಗಿ ಸುಧಾರಿಸಿದರು. ಆದರೆ 12 ವಾರಗಳವರೆಗೂ ಆ ಸುಧಾರಣೆ ಉಳಿದದ್ದು 25 ಮಿಲಿಗ್ರಾಂ ತೆಗೆದುಕೊಂಡವರಲ್ಲೂ ಐದರಲ್ಲಿ ಒಬ್ಬರಿಗೆ ಮಾತ್ರ. ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಯೂ ಕಾಣಿಸಿಕೊಂಡಿತು. ಇನ್ನೊಂದು ತೊಡಕು ಇದೆ. ತನಗೆ ನಿಜವಾದ ಔಷಧ ಸಿಕ್ಕಿತಾ ಅಥವಾ ಬರೀ ಹೆಸರಿಗೆ ಕೊಟ್ಟದ್ದಾ ಅಂತ ರೋಗಿಗೆ ಒಂದು ಗಂಟೆಯೊಳಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಸುಧಾರಣೆಯಲ್ಲಿ ಔಷಧದ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಅಂತ ಬೇರೆ ಮಾಡುವುದು ಕಷ್ಟ.

ವಯಸ್ಸಾದವರ ಮೇಲೆ ಪರೀಕ್ಷೆ ಮಾಡಿದ್ದಾರಾ?

ನನ್ನ ದೊಡ್ಡ ತಕರಾರು ಇದೇ. ಈ ಅಧ್ಯಯನಗಳಲ್ಲಿ 65 ದಾಟಿದವರು ತೀರಾ ಕಡಿಮೆ. ಬಿಪಿ ಹತೋಟಿಯಲ್ಲಿ ಇಲ್ಲ ಅಂದರೆ ಸೇರಿಸಿಕೊಳ್ಳುವುದಿಲ್ಲ. ಹೃದಯದ ತೊಂದರೆ ಇದ್ದರೆ ಬೇಡ. ಮರೆವಿನ ಕಾಯಿಲೆ ಇದ್ದರೆ ಬೇಡ. ಹೀಗೆ ಸೋಸುತ್ತಾ ಹೋದರೆ ನಮ್ಮ ಮನೆಗಳಲ್ಲಿರುವ ಎಪ್ಪತ್ತರ ಅಜ್ಜಿಗೆ ಬಾಗಿಲಲ್ಲೇ ತಡೆ.

ಹಿರಿಯರನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಕೆಲವು ಸಣ್ಣ ಪ್ರಯತ್ನಗಳು ಇವೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಏಡ್ಸ್ ಜೊತೆ ದಶಕಗಳ ಕಾಲ ಬದುಕಿ ಉಳಿದ, ಗೆಳೆಯರನ್ನೆಲ್ಲ ಕಳೆದುಕೊಂಡ 18 ಹಿರಿಯ ಗಂಡಸರಿಗೆ ಗುಂಪು ಚಿಕಿತ್ಸೆಯ ಜೊತೆ ಸಿಲೋಸೈಬಿನ್ ಕೊಟ್ಟರು. ಅದರ ವರದಿ 2020ರಲ್ಲಿ ಬಂತು. ಬದುಕಿ ಏನು ಪ್ರಯೋಜನ ಎನ್ನುವ ಭಾವ ಅವರಲ್ಲಿ ಕಡಿಮೆಯಾಗಿತ್ತು. ಅಲ್ಲೇ ಪಾರ್ಕಿನ್ಸನ್ಸ್ ಕಾಯಿಲೆ ಇರುವ 12 ಜನರ ಮೇಲೂ ಅಧ್ಯಯನ ಆಯಿತು. ಒಳ್ಳೆಯ ಸೂಚನೆಗಳೇ. ಆದರೆ ಹದಿನೆಂಟು, ಹನ್ನೆರಡು ಜನರನ್ನು ನೋಡಿ ನಿಮ್ಮ ತಂದೆಗೆ ಏನಾಗುತ್ತದೆ ಅಂತ ಯಾರೂ ಹೇಳಲಾರರು.

ಅಪ್ಪ ಬಿಪಿ, ಶುಗರ್ ಮಾತ್ರೆ ತಗೋತಾರೆ. ಅಂಥವರಿಗೆ ಏನು ಅಪಾಯ?

ಸಿಲೋಸೈಬಿನ್ ಕೆಲವು ಗಂಟೆ ಬಿಪಿಯನ್ನೂ ನಾಡಿಬಡಿತವನ್ನೂ ಏರಿಸುತ್ತದೆ. ಎಂಡಿಎಂಎ ಇನ್ನೂ ಜಾಸ್ತಿ ಏರಿಸುತ್ತದೆ. ಗಟ್ಟಿ ಹೃದಯ ಇರುವ ಮೂವತ್ತರ ಹುಡುಗ ತಡೆದುಕೊಳ್ಳಬಹುದು. ಸ್ಟೆಂಟ್ ಹಾಕಿಸಿಕೊಂಡವರ ಕಥೆ ಬೇರೆ. ತಲೆಸುತ್ತಿ ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಈ ವಯಸ್ಸಿನಲ್ಲಿ ಅದೊಂದೇ ಸಾಕು ಹಾಸಿಗೆ ಹಿಡಿಯಲು.

ಈಗಾಗಲೇ ತೆಗೆದುಕೊಳ್ಳುವ ಮಾತ್ರೆಗಳ ಜೊತೆ ಜಗಳವೂ ಇದೆ. ಮನಸ್ಸಿನ ಅತಿಯಾದ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಇಂಥ ಔಷಧ ಸೇವಿಸಿ ಫಿಟ್ಸ್ ಬಂದ ವರದಿಗಳಿವೆ. ಮಂಡಿನೋವಿಗೆ ಕೊಡುವ ಟ್ರಮಡಾಲ್ ಕೂಡ ಫಿಟ್ಸ್ ಅಪಾಯ ಹೆಚ್ಚಿಸುತ್ತದೆ. ಖಿನ್ನತೆಯ ಸಾಮಾನ್ಯ ಮಾತ್ರೆಗಳು ಸಿಲೋಸೈಬಿನ್ ಪರಿಣಾಮವನ್ನು ಮಂದ ಮಾಡಬಹುದು. ಹಾಗಂತ ಆ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಖಿನ್ನತೆ ಮತ್ತೆ ಮರಳಬಹುದು. ತಮಗೋ ಮನೆಯಲ್ಲಿ ಯಾರಿಗೋ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇದ್ದರೆ ಸಂಶೋಧಕರೇ ದೂರ ಇಡುತ್ತಾರೆ.

ಭಾರತದಲ್ಲಿ ಈ ಚಿಕಿತ್ಸೆ ಸಿಗುತ್ತಾ?

ಆಸ್ಪತ್ರೆಯಲ್ಲಿ ಕೇಳಿ ಪಡೆಯುವ ಚಿಕಿತ್ಸೆಯಾಗಿ ಸಿಗುವುದಿಲ್ಲ. ಸಿಲೋಸೈಬಿನ್, ಎಲ್‌ಎಸ್‌ಡಿ, ಎಂಡಿಎಂಎ ಮೂರೂ ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿವೆ. ಇಟ್ಟುಕೊಂಡರೂ, ಕೊಂಡರೂ, ಮಾರಿದರೂ ಜೈಲು. ಹೊರದೇಶಗಳಲ್ಲೂ ಬಾಗಿಲು ಪೂರ್ತಿ ತೆರೆದಿಲ್ಲ. ಆಸ್ಟ್ರೇಲಿಯಾ 2023ರ ಜುಲೈ 1ರಿಂದ, ಅನುಮತಿ ಪಡೆದ ಮನೋವೈದ್ಯರು ಮಾತ್ರ ಸಿಲೋಸೈಬಿನ್ ಮತ್ತು ಎಂಡಿಎಂಎ ಬರೆದುಕೊಡಬಹುದು ಅಂತ ಮಾಡಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಎಂಡಿಎಂಎ ಅರ್ಜಿಯನ್ನು ಒಪ್ಪಲಿಲ್ಲ. ಇನ್ನಷ್ಟು ಅಧ್ಯಯನ ಮಾಡಿ ಬನ್ನಿ ಅಂದಿತು.

ಕೆಟಮಿನ್ ಅಂತ ಒಂದು ಇಂಜೆಕ್ಷನ್ ಇದೆಯಂತಲ್ಲ?

ಇದೆ. ಆಪರೇಷನ್ ಮಾಡುವಾಗ ಅರಿವಳಿಕೆಗೆ ಕೊಡುವ ಹಳೆಯ ಔಷಧ ಅದು. ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಗಟ್ಟಿ ಖಿನ್ನತೆಯನ್ನು ಕೆಲವೇ ಗಂಟೆಗಳಲ್ಲಿ ಸಡಿಲಿಸುತ್ತದೆ ಅಂತ ಕಂಡುಬಂದಿದೆ. ಸೈಕೆಡೆಲಿಕ್‌ಗಳ ನೆಂಟ ಅನ್ನಬಹುದು, ಕೆಲಸ ಮಾಡುವ ದಾರಿ ಬೇರೆ. ಇದೂ ನಮ್ಮ ಕಾನೂನಿನ ಹತೋಟಿಯಲ್ಲಿದೆ. ಆದರೆ ವೈದ್ಯರು ಬಳಸಬಹುದು. ಕೆಲವು ಮನೋವೈದ್ಯರು ಆಸ್ಪತ್ರೆಯಲ್ಲಿ, ಬಿಪಿ ನೋಡಿಕೊಳ್ಳುತ್ತಾ ಕೊಡುತ್ತಾರೆ. ಇದರ ಸೋದರ ಔಷಧ ಎಸ್‌ಕೆಟಮಿನ್ ಎಂಬ ಮೂಗಿನ ಸ್ಪ್ರೇಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ 65 ದಾಟಿದವರ ಮೇಲೆ ಪ್ರತ್ಯೇಕವಾಗಿ ನಡೆದ ಪರೀಕ್ಷೆಯಲ್ಲಿ ಅದು ನಿರೀಕ್ಷೆಯ ಗೆರೆ ದಾಟಲಿಲ್ಲ. ಎಳೆಯರಿಗೆ ಕೆಲಸ ಮಾಡಿದ್ದು ಹಿರಿಯರಿಗೂ ಅಷ್ಟೇ ಮಾಡುತ್ತದೆ ಅಂದುಕೊಳ್ಳಬಾರದು ಅನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಆನ್‌ಲೈನಲ್ಲಿ ಮಾರ್ತಾರೆ. ಮಳೆ ಬಂದಾಗ ನಮ್ಮ ಹೊಲದಲ್ಲೂ ಅಣಬೆ ಏಳುತ್ತೆ. ಸ್ವಲ್ಪ ಕೊಟ್ಟು ನೋಡೋಣವಾ?

ದಯವಿಟ್ಟು ಬೇಡ. ಕಾನೂನು ಒಂದು ಕಡೆ ಇರಲಿ. ಹೊಲದ ಅಣಬೆಗಳಲ್ಲಿ ಕೆಲವು ಈರಲು, ಅಂದರೆ ಲಿವರನ್ನೇ ಕೊಲ್ಲುತ್ತವೆ. ತಿಂದ ಮೊದಲ ದಿನ ವಾಂತಿ ಭೇದಿ, ಆಮೇಲೆ ಸ್ವಲ್ಪ ಹುಷಾರಾದ ಹಾಗೆ ಕಾಣುತ್ತಾರೆ. ಅಷ್ಟರಲ್ಲಿ ಲಿವರ್ ಕೆಟ್ಟಿರುತ್ತದೆ. ಆನ್‌ಲೈನಲ್ಲಿ ಬರುವ ಪುಡಿಯೊಳಗೆ ಏನಿದೆ ಅಂತ ಹೇಳುವವರು ಯಾರು?

ಉಮ್ಮತ್ತಿ ಬೀಜದ ಬಗ್ಗೆಯೂ ಕೇಳುತ್ತಾರೆ. ಉಮ್ಮತ್ತಿ ಸೈಕೆಡೆಲಿಕ್ ಚಿಕಿತ್ಸೆಯ ಹತ್ತಿರಕ್ಕೂ ಬರುವುದಿಲ್ಲ. ಅದು ವಿಷ. ಬಾಯಿ ಒಣಗಿ, ಮೂತ್ರ ಕಟ್ಟಿ, ಭ್ರಮೆ ಹಿಡಿದು, ವಯಸ್ಸಾದವರು ಸಾಯಲೂಬಹುದು.

ವಯಸ್ಸಾದ ಮೇಲೆ ಬೇಜಾರು ಇದ್ದದ್ದೇ ಅಲ್ವಾ?

ಬೇಜಾರು ಇರುತ್ತದೆ. ಖಿನ್ನತೆ ಬೇರೆ. ಗೆಳೆಯ ತೀರಿಕೊಂಡ ದುಃಖದಲ್ಲೂ ಮನುಷ್ಯ ಮೊಮ್ಮಗು ಬಂದರೆ ನಗುತ್ತಾನೆ. ಖಿನ್ನತೆಯಲ್ಲಿ ಆ ನಗು ಬರುವುದಿಲ್ಲ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ಬೆಳಗಿನ ಜಾವವೇ ಎಚ್ಚರ, ಊಟ ಸೇರುತ್ತಿಲ್ಲ, "ನಾನು ನಿಮಗೆಲ್ಲ ಭಾರ" ಅನ್ನುವ ಮಾತು ಬಾಯಲ್ಲಿ. ಇದು ಕಾಯಿಲೆ. ಇದಕ್ಕೆ ಚಿಕಿತ್ಸೆ ಇದೆ.

ನಮ್ಮ ಕಡೆಯ ಹಿರಿಯರು "ಮನಸ್ಸು ಸರಿಯಿಲ್ಲ" ಅಂತ ಹೇಳುವುದು ಅಪರೂಪ. ಹೊಟ್ಟೆ ಉಬ್ಬರ ಅನ್ನುತ್ತಾರೆ. ಕೈಕಾಲು ಸೆಳೆತ, ಎದೆ ಉರಿ, ನರದ ವೀಕ್ನೆಸ್, ಮೈಯೆಲ್ಲಾ ಉರಿ ಅನ್ನುತ್ತಾರೆ. ಗ್ಯಾಸ್ ಮಾತ್ರೆ, ಬಿ12 ಇಂಜೆಕ್ಷನ್, ಗ್ಲೂಕೋಸ್ ಬಾಟಲಿ ಅಂತ ವರ್ಷಗಟ್ಟಲೆ ಸುತ್ತುತ್ತಾರೆ. ಕಾರಣಗಳೂ ನಮ್ಮ ಜಿಲ್ಲೆಯ ಬದುಕಿನಲ್ಲೇ ಇವೆ. ಬೋರ್‌ವೆಲ್ ಸಾವಿರ ಅಡಿ ಇಳಿದರೂ ನೀರಿಲ್ಲ. ಟೊಮೇಟೊ ಬೆಲೆ ಬಿದ್ದರೆ ಬಾಕ್ಸ್ ಬಾಕ್ಸೇ ರಸ್ತೆಗೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಮನೆಯಲ್ಲಿ ಒಬ್ಬ ಮುದುಕ, ಒಂದು ಹಸು. ಕೆಜಿಎಫ್‌ನಲ್ಲಿ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ದುಡಿದು ಈಗ ವಯಸ್ಸಾದವರಿಗೆ ಕೆಲಸದ ಜೊತೆ ಊರಿನ ಸದ್ದೇ ಹೋದ ಹಾಗಾಗಿದೆ.

2017–18ರಲ್ಲಿ ಇಡೀ ದೇಶದ ಹಿರಿಯರ ಮೇಲೆ ನಡೆದ ಲಾಸಿ ಸಮೀಕ್ಷೆಯಲ್ಲಿ 60 ದಾಟಿದವರಲ್ಲಿ 8.3% ಜನರಿಗೆ ಖಿನ್ನತೆಯ ಲಕ್ಷಣ ಇತ್ತು. ಆದರೆ "ವೈದ್ಯರು ನನಗೆ ಖಿನ್ನತೆ ಅಂತ ಹೇಳಿದ್ದಾರೆ" ಅಂದವರು ಬರೀ 0.8%. ಹತ್ತರಲ್ಲಿ ಒಬ್ಬರಿಗಷ್ಟೇ ಹೆಸರಿಟ್ಟು ಹೇಳಲಾಗಿದೆ. ಉಳಿದವರು ಗ್ಯಾಸ್ ಮಾತ್ರೆಯಲ್ಲಿದ್ದಾರೆ. ನನಗೆ ನಿದ್ದೆ ಕೆಡಿಸುವ ಲೆಕ್ಕ ಇದು.

ಅಮ್ಮನಿಗೆ ಮರೆವು ಜಾಸ್ತಿ ಆಗಿದೆ. ಅದು ಖಿನ್ನತೆಯಾ, ಮರೆವಿನ ಕಾಯಿಲೆಯಾ?

ಎರಡೂ ಒಂದೇ ಥರ ಕಾಣಬಹುದು, ಒಟ್ಟಿಗೇ ಇರಲೂಬಹುದು. ಖಿನ್ನತೆಯವರು ಏನು ಕೇಳಿದರೂ "ಗೊತ್ತಿಲ್ಲ, ನನ್ನ ಕೈಲಿ ಆಗಲ್ಲ" ಅನ್ನುವುದು ಹೆಚ್ಚು. ಮರೆವಿನ ಕಾಯಿಲೆಯವರು ಏನೋ ಒಂದು ಹೇಳಿ ಮುಚ್ಚಿಹಾಕಲು ನೋಡುತ್ತಾರೆ. ಇದನ್ನು ಮನೆಯಲ್ಲಿ ತೀರ್ಮಾನ ಮಾಡಬೇಡಿ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸೋಡಿಯಂ ಪರೀಕ್ಷೆ ಮಾಡಿಸಿದರೆ ಎಷ್ಟೋ ಸಲ ಬೇರೆಯೇ ಕಾರಣ ಸಿಗುತ್ತದೆ.

ಈ ವಿಷಯದಲ್ಲಿ ನಮ್ಮ ಜಿಲ್ಲೆ ದೇಶಕ್ಕೇ ಮುಂದಿದೆ ಅಂದರೆ ತುಂಬಾ ಜನ ನಂಬುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಗುರಿಯಿಂದ ಅಧ್ಯಯನ ನಡೆಸುತ್ತಿದೆ. ಮಾವಿನ ತೋಟದ ನಡುವಿನ ನಮ್ಮ ಜನರ ರಕ್ತ, ನೆನಪು, ಮನಸ್ಸು ಎಲ್ಲವೂ ಅಲ್ಲಿ ದಾಖಲಾಗುತ್ತಿದೆ. ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಶುರು ಮಾಡಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮಕ್ಕೂ ಮೊದಲ ಹಂತದಲ್ಲೇ ಕೋಲಾರ, ಚಿಕ್ಕಬಳ್ಳಾಪುರ ಸೇರಿದ್ದವು.

ಖಿನ್ನತೆಯ ಮಾತ್ರೆ ಶುರು ಮಾಡಿದರೆ ಸಾಯೋವರೆಗೂ ತಗೋಬೇಕಾ?

ಎಲ್ಲರೂ ಬೇಕಾಗಿಲ್ಲ. ಮಾತ್ರೆ ಕೆಲಸ ಮಾಡಲು 2ರಿಂದ 6 ವಾರ ಬೇಕು, ಹಿರಿಯರಿಗೆ ಇನ್ನೂ ಸ್ವಲ್ಪ ಜಾಸ್ತಿ. ವಾಸಿಯಾದ ಮೇಲೂ ಕನಿಷ್ಠ 6 ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ವೈದ್ಯರು ನಿಧಾನಕ್ಕೆ ಇಳಿಸುತ್ತಾರೆ. ಪದೇ ಪದೇ ಬರುವವರು ದೀರ್ಘಕಾಲ ತೆಗೆದುಕೊಳ್ಳಬೇಕಾಗಬಹುದು. ಶುರುವಿನಲ್ಲಿ ಗೊಂದಲ, ತೂಕಡಿಕೆ, ತಲೆಸುತ್ತು ಕಂಡರೆ ಸೋಡಿಯಂ ನೋಡಿಸಿ. ಕೆಲವು ಮಾತ್ರೆಗಳು ಹಿರಿಯರಲ್ಲಿ ಅದನ್ನು ಇಳಿಸುತ್ತವೆ.

ನನಗೆ ಇದಕ್ಕಿಂತ ಭಯ ಹುಟ್ಟಿಸುವುದು ಮೆಡಿಕಲ್ ಶಾಪಿನಿಂದ ಸುಮ್ನೆ ತರುವ ನಿದ್ದೆ ಮಾತ್ರೆ. ಅಲ್ಪ್ರಜೋಲಾಂ ಥರದವು ಚಟವಾಗುತ್ತವೆ, ನೆನಪು ಮಂಕು ಮಾಡುತ್ತವೆ, ರಾತ್ರಿ ಬಚ್ಚಲಿಗೆ ಎದ್ದಾಗ ಬೀಳಿಸುತ್ತವೆ. ಖಿನ್ನತೆಯನ್ನು ಮಾತ್ರ ವಾಸಿ ಮಾಡುವುದಿಲ್ಲ.

ಕರೆಂಟ್ ಕೊಡ್ತಾರಂತೆ, ಅದು ಕ್ರೂರ ಅಲ್ವಾ?

ಸಿನಿಮಾದಲ್ಲಿ ತೋರಿಸುವ ಹಾಗೆ ಈಗ ಯಾರೂ ಮಾಡುವುದಿಲ್ಲ. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲ ಮಾಡಿ, ತಲೆಗೆ ಕೆಲವೇ ಸೆಕೆಂಡು ಕರೆಂಟ್ ಕೊಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅರಿವಳಿಕೆ ಇಲ್ಲದೆ ಕೊಡುವುದನ್ನು ನಿಷೇಧಿಸಿದೆ. ಊಟ ನೀರು ಬಿಟ್ಟು ಮಲಗಿದ, ಸಾಯಲು ಹೊರಟ ಹಿರಿಯರಿಗೆ ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವು ವಾರ ನೆನಪು ಮಸುಕಾಗಬಹುದು. ಹಿರಿಯರ ಮಟ್ಟಿಗೆ ಸೈಕೆಡೆಲಿಕ್‌ಗಿಂತ ಇದಕ್ಕೆ ಎಷ್ಟೋ ಗಟ್ಟಿ ಪುರಾವೆ ಇದೆ. ಹೆಸರು ಕೇಳಿ ಹೆದರಿ ಬೇಡ ಅನ್ನಬೇಡಿ.

ಕೋಲಾರ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬೇಕು?

ಮೊದಲು ಫೋನ್. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತಾಡಬಹುದು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು. ಆ ಭಾಷೆಗಳಲ್ಲೂ ಸಿಗುತ್ತದೆ. ಮನಸ್ಸಿನ ಮಾತು ಮನೆಮಾತಿನಲ್ಲೇ ಬರಬೇಕು. ಹಿರಿಯರ ಬೇರೆ ತೊಂದರೆಗಳಿಗೆ, ಮನೆಯವರ ಕಿರುಕುಳಕ್ಕೂ ಸೇರಿ, 14567 ಇದೆ.

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ವಿಚಾರಿಸಿ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋರೋಗದ ಕ್ಲಿನಿಕ್ ನಡೆಸುವ ವ್ಯವಸ್ಥೆ ಇದೆ. ಹೋಗುವ ಮುಂಚೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ ಖಚಿತ ಮಾಡಿಕೊಳ್ಳಿ. ವಯಸ್ಸಾದವರನ್ನು ಸುಮ್ನೆ ಬಸ್ಸಿನಲ್ಲಿ ಅಲೆಸುವುದು ಬೇಡ. ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

"ಸತ್ತರೆ ಸಾಕಪ್ಪ" ಅಂತಾರೆ. ಮಾತಿಗೆ ಹೇಳ್ತಾರೋ, ನಿಜವಾಗ್ಲೋ?

ನಿಜ ಅಂತಲೇ ತಿಳಿಯಿರಿ. ಹಿರಿಯರು ಹೇಳದೆ ಮಾಡುವುದೇ ಜಾಸ್ತಿ, ಒಮ್ಮೆ ಮಾಡಿದರೆ ಉಳಿಯುವುದು ಕಡಿಮೆ. "ಸಾಯುವ ಯೋಚನೆ ಬರುತ್ತಿದೆಯಾ?" ಅಂತ ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಹೊಲಕ್ಕೆ ಹೊಡೆಯುವ ಔಷಧ ಜಗಲಿಯ ಮೂಲೆಯಲ್ಲಿದ್ದರೆ ಇವತ್ತೇ ಬೀಗ ಹಾಕಿ, ಕೀ ನಿಮ್ಮ ಹತ್ತಿರ ಇರಲಿ. ಉಳಿದ ಮಾತ್ರೆ ಪಟ್ಟಿಗಳನ್ನೂ ಎತ್ತಿಡಿ. ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಫೋನ್ ಮಾಡಿ. ಆಗಲೇ ಏನಾದರೂ ಕುಡಿದಿದ್ದರೆ 108ಕ್ಕೆ. ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ಹೋಗದೆ ಇರಬೇಡಿ. 2017ರ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತದೆ, ಶಿಕ್ಷೆಗಿಂತ ಆರೈಕೆ ಮುಂದೆ ಅನ್ನುತ್ತದೆ.

ಹಾಗಾದರೆ ಈ ಸಂಶೋಧನೆಯಿಂದ ನಮಗೆ ಏನೂ ಇಲ್ವಾ?

ಇದೆ. ಆ ಅಧ್ಯಯನಗಳಲ್ಲಿ ಒಬ್ಬ ರೋಗಿಗೆ ಇಬ್ಬರು ಮನುಷ್ಯರು ಇಡೀ ದಿನ ಕೊಡುತ್ತಾರೆ. ಅದಕ್ಕೂ ಮೊದಲು ಗಂಟೆಗಟ್ಟಲೆ ಅವರ ಬದುಕಿನ ಕಥೆ ಕೇಳುತ್ತಾರೆ. ಅತ್ತರೆ ತಡೆಯುವುದಿಲ್ಲ. ಸಾವಿನ ಮಾತು ಬಂದರೆ "ಅಂಥ ಮಾತಾಡಬಾರದು" ಅಂತ ಬಾಯಿ ಮುಚ್ಚಿಸುವುದಿಲ್ಲ. ನಮ್ಮ ಮನೆಗಳಲ್ಲಿ ಎಂಬತ್ತರ ಅಜ್ಜ ಸಾವಿನ ಬಗ್ಗೆ ಮಾತೆತ್ತಿದರೆ ನಾವೆಲ್ಲ ಟಿವಿ ಕಡೆ ತಿರುಗುತ್ತೇವೆ. ಔಷಧ ಇಲ್ಲಿಗೆ ಬರಲು ಎಷ್ಟು ವರ್ಷವೋ. ಪಕ್ಕದಲ್ಲಿ ಕೂತು ಪೂರ್ತಿ ಕೇಳಿಸಿಕೊಳ್ಳಲು ಯಾವ ಲೈಸೆನ್ಸೂ ಬೇಕಿಲ್ಲ. ಇದು ವೈದ್ಯರ ಚಿಕಿತ್ಸೆಗೆ ಬದಲಿ ಆಗುವುದಿಲ್ಲ, ಜೊತೆಗಿರಬೇಕು.

ಅಮ್ಮ "ನನಗೇನು ಹುಚ್ಚಾ?" ಅಂತಾರೆ. ಆಸ್ಪತ್ರೆಗೆ ಹೇಗೆ ಕರೆದುಕೊಂಡು ಹೋಗೋದು?

ಹುಚ್ಚು, ಖಿನ್ನತೆ ಅನ್ನುವ ಮಾತೇ ಬೇಡ. ಅವರು ಹೇಳುವ ತೊಂದರೆಯಿಂದಲೇ ಶುರು ಮಾಡಿ. "ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಅದಕ್ಕೆ ತೋರಿಸೋಣ" ಅನ್ನಿ. ಸುಳ್ಳು ಹೇಳಿ, ಮದುವೆಗೆ ಅಂತ ಹೊರಡಿಸಿ ಆಸ್ಪತ್ರೆಗೆ ಕರೆದೊಯ್ಯಬೇಡಿ. ಮುಂದೆ ನಿಮ್ಮ ಕೈಯಿಂದ ಮಾತ್ರೆಯನ್ನೂ ತೆಗೆದುಕೊಳ್ಳುವುದಿಲ್ಲ. ಮೊದಲ ಸಲ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಸಾಕು. ಪರಿಚಯದ ಮುಖ ಅಂದರೆ ಹಿರಿಯರು ಒಪ್ಪುತ್ತಾರೆ. ಹೋಗುವಾಗ ಎಲ್ಲಾ ಮಾತ್ರೆಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ, ನಾಟಿ ಔಷಧ, ನಿದ್ದೆ ಮಾತ್ರೆ ಸೇರಿಸಿ. ಯಾವಾಗಿನಿಂದ ಶುರುವಾಯಿತು, ಆಗ ಮನೆಯಲ್ಲಿ ಏನಾಗಿತ್ತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವೈದ್ಯರ ಮುಂದೆ ನೀವೇ ಎಲ್ಲಾ ಹೇಳಿಬಿಡಬೇಡಿ. ಐದು ನಿಮಿಷವಾದರೂ ಹೊರಗೆ ಹೋಗಿ, ಅಮ್ಮ ಒಬ್ಬರೇ ಮಾತಾಡಲಿ.